ಎಡಕ್ಕೆಳೆಯುವ ಗಾಡಿ

ಮೊನ್ನೆ ಲ್ಯಾಬಿನಲ್ಲಿ ಒಬ್ಬ ಅಜ್ಜಿಯ ರಕ್ತ ತೆಗೆದು, ಬಾಟಲಿಯ ಮೇಲೆ ಹೆಸರು ಬರೆಯೋಣವೆಂದು ಪೆನ್ನಿಗಾಗಿ ಕೋಟಿನ ಜೇಬಿಗೆ ಕೈ ಹಾಕಿದೆ. ಪೆನ್ನಿನ ಜೊತೆಗೆ ಎಳ್ಳುಕಾಳಿಗಿಂತ ತುಸು ದೊಡ್ಡದಾದ ಒಂದು ಸ್ಕ್ರೂ ಹೊರಬಂದು ಸ್ಟೀಲಿನ ಟ್ರೇ ಮೇಲೆ ಟಣ್ಣೆಂದು ಬಿತ್ತು. ಅಜ್ಜಿ ಸ್ಕ್ರೂವನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಗಾಬರಿಯಿಂದ ತನ್ನ ತೋಳನ್ನು ನೋಡಿಕೊಂಡಳು.

“ಯವ್ವಾ, ಇದು ನನ್ನ ಕೈಯಾಗಿಂದು ಬಿತ್ತೇನು?”

“ಇಲ್ಲಬೇ ಆಯಿ, ನನ್ನ ಚಶ್ಮಾದ್ದು,” ಎಂದೆ. ನನಗೆ ಚಶ್ಮಾ ಇಲ್ಲ.

ಹಾನಗಲ್ಲಿನಲ್ಲಿ ಹದಿನೆಂಟು ವರ್ಷದಿಂದ ರಕ್ತ ತೆಗೆಯುವುದೇ ನನ್ನ ಕೆಲಸ. ಎಂಥ ಬತ್ತಿದ ತೋಳಿನಲ್ಲೂ ಗಿರಿಜಕ್ಕನ ಕೈಗೆ ನರ ಸಿಗುತ್ತದೆ ಎಂದು ಜನ ನನ್ನನ್ನೇ ಕೇಳಿಕೊಂಡು ಬರುತ್ತಾರೆ. ಅಂಥವಳು ರವಿವಾರ ಬಂದರೆ ರಿಮೋಟು ಹಿಡಿದು, ಮೊಳದುದ್ದದ ಆಟಿಕೆ ಲಾರಿಯ ಹಿಂದೆ ಓಡುತ್ತಾಳೆ ಎಂದು ಗೊತ್ತಾದರೆ ಸೋಮವಾರ ನನ್ನ ಮುಂದೆ ತೋಳು ಚಾಚುವವರು ಯಾರು? ನಿಮಗೆ ಹೇಳುತ್ತಿದ್ದೇನೆ, ಅಷ್ಟೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ. ಮುಂದೆ ನಗುವಂಥದ್ದು ಕಡಿಮೆ.

ಆ ಲಾರಿಯನ್ನು ನಾನು ನನಗಾಗಿ ಕೊಂಡದ್ದಲ್ಲ. ತಮ್ಮನ ಮಗನ ಹುಟ್ಟುಹಬ್ಬಕ್ಕೆಂದು ಹುಬ್ಬಳ್ಳಿಯಿಂದ ತಂದೆ. ಅಂಗಡಿಯವನು, “ಮನಿಗೆ ಹೋಗಿ ಒಮ್ಮೆ ಓಡಿಸಿ ನೋಡ್ರಿ” ಎಂದಿದ್ದ. ನೋಡಿದೆ. ಪಡಸಾಲೆಯಲ್ಲಿ ನೋಡಿದೆ, ತಾರಸಿಯ ಮೇಲೆ ನೋಡಿದೆ, ಹಿತ್ತಲಿನ ಬದನೆ ಗಿಡಗಳ ಸಾಲಿನಲ್ಲಿ ನೋಡಿದೆ. ಹುಟ್ಟುಹಬ್ಬದ ದಿನ ಆ ಹುಡುಗನಿಗೆ ಒಂದು ಅಂಗಿ ಹೋಯಿತು. ನಮ್ಮ ಮನೆಯವರು ಏನೂ ಅನ್ನಲಿಲ್ಲ. ಊಟಕ್ಕೆ ಕೂತಾಗ ಮಾತ್ರ, “ಡ್ರೈವರ್ ಸಾಹೇಬ್ರು ಉಂಡು ಹೋಗ್ತಾರೋ, ಕಟಗೊಂಡು ಹೋಗ್ತಾರೋ?” ಎಂದು ಕೇಳಿದರು. ಇವತ್ತಿಗೂ ಕೇಳುತ್ತಾರೆ.

ಡ್ರೈವರ್ ಅನ್ನುವ ಮಾತು ನನಗೆ ಬೈಗುಳವಲ್ಲ. ನಮ್ಮಪ್ಪ ಶಿಗ್ಗಾಂವಿಯ ದಲಾಲರೊಬ್ಬರ ಲಾರಿ ಓಡಿಸುತ್ತಿದ್ದ. ಜೋಳ, ಶೇಂಗಾ, ಹತ್ತಿ, ಏನು ಸಿಕ್ಕರೂ ಹೇರಿಕೊಂಡು ಹೋಗುವ ಲಾರಿ. ಅದರ ಸ್ಟೇರಿಂಗಿಗೆ ಕೆಂಪು ಹಸಿರು ಪ್ಲಾಸ್ಟಿಕ್ ವಾಯರು ಸುತ್ತಿತ್ತು. ಬೇಸಿಗೆಯಲ್ಲಿ ಮುಟ್ಟಿದರೆ ಅಂಗೈಗೆ ಅಂಟುತ್ತಿತ್ತು. ಕ್ಯಾಬಿನ್ನಿನಲ್ಲಿ ಡೀಸೆಲ್ಲು, ಊದಿನಕಡ್ಡಿ, ಅಪ್ಪನ ಬೆವರು ಮೂರೂ ಕೂಡಿದ ಒಂದು ವಾಸನೆ. ನನಗೆ ಏಳು ವರ್ಷವಿದ್ದಾಗ ಸವಣೂರಿನ ಖಾಲಿ ರಸ್ತೆಯಲ್ಲಿ ಅಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೇರಿಂಗ್ ಹಿಡಿಯಲು ಕೊಟ್ಟ. ಎರಡು ಹೊಲದಷ್ಟು ದೂರ. ಅಷ್ಟೂ ದೂರ ನಾನು ಉಸಿರು ಬಿಟ್ಟಿರಲಿಕ್ಕಿಲ್ಲ. ನಡುವೆ ಅಪ್ಪ, “ತಡಿ ತಡಿ, ಗಾಡಿ ಎಡಕ್ಕ ಎಳಿಯಾಕತ್ತೇತಿ” ಎಂದು ಲಾರಿ ನಿಲ್ಲಿಸಿ, ಇಳಿದು, ಮುಂದಿನ ಗಾಲಿಯ ಎದುರು ಕುಕ್ಕರಗಾಲಿನಲ್ಲಿ ಕೂತು, ಜ್ವರ ಬಂದ ಮಗುವನ್ನು ನೋಡಿದಂತೆ ನೋಡಿದ. ಆಮೇಲೆ ನನ್ನನ್ನು ಪಕ್ಕದ ಸೀಟಿಗೆ ಸರಿಸಿದ. ಮುಂದೆ ತಮ್ಮ ಹತ್ತು ವರ್ಷಕ್ಕೇ ಖಾಲಿ ಹೊಲದಲ್ಲಿ ಲಾರಿ ಹಿಂದಕ್ಕೂ ಮುಂದಕ್ಕೂ ಓಡಿಸಿದ. ನನ್ನ ಪಾಳಿ ಮತ್ತೆ ಬರಲೇ ಇಲ್ಲ. ಕೇಳಿದರೆ ಅಪ್ಪ, “ನೀ ಸಾಲಿ ಕಲಿಯವಾ” ಎನ್ನುತ್ತಿದ್ದ. ಕಲಿತೆ. ಸೂಜಿ ಹಿಡಿದೆ.

ಆಟಿಕೆ ಲಾರಿ ಎಂದರೆ ಸಸಾರ ಮಾಡಬೇಡಿ. ಅದರ ಒಳಗೆ ಬೆಂಕಿಪೆಟ್ಟಿಗೆಯಷ್ಟು ಒಂದು ಮೋಟಾರಿದೆ, ಸರ್ವೋ ಎನ್ನುತ್ತಾರೆ. ರಿಮೋಟಿನ ಮಾತು ಕೇಳಿ ಮುಂದಿನ ಗಾಲಿಗಳನ್ನು ಆ ಕಡೆ ಈ ಕಡೆ ತಿರುಗಿಸುವುದು ಅದೇ. ಅದರ ತಲೆಯ ಮೇಲೆ ಪ್ಲಾಸ್ಟಿಕ್ಕಿನ ಒಂದು ಪುಟ್ಟ ತೋಳು. ತೋಳಿನಿಂದ ಗಾಲಿಗೆ ಒಂದು ಕಡ್ಡಿ. ಇಷ್ಟೇ ಸಂಸಾರ. ಆದರೆ ಕೆಡುವುದಕ್ಕೆ ಎಷ್ಟು ಕಾರಣ! ತೋಳು ಸಡಿಲಾದರೆ, ಕಡ್ಡಿ ಬಾಗಿದರೆ, ಸಂದಿನಲ್ಲಿ ಒಂದು ಮರಳ ಕಣ ಸೇರಿದರೆ, ಬ್ಯಾಟರಿ ಸೋತರೆ, ಗಾಡಿ ಕುಡಿದವರಂತೆ ನಡೆಯುತ್ತದೆ. ರಿಮೋಟಿನ ಮೇಲೆ ಟ್ರಿಮ್ ಎಂಬ ಒಂದು ಗುಂಡಿಯಿದೆ. ಗಾಡಿ ಎಡಕ್ಕೆ ಎಳೆದರೆ ಆ ಗುಂಡಿಯನ್ನು ತುಸು ಬಲಕ್ಕೆ ತಿರುಗಿಸಿ ಸಮ ಮಾಡಬಹುದು. ನನ್ನಂಥ ಸೋಮಾರಿಗಳು ಮೊದಲು ಕೈ ಹಾಕುವುದು ಅದಕ್ಕೇ.

ಸವಣೂರಿನ ದಸ್ತಗೀರ್ ಚಾಚಾ ಆ ಗುಂಡಿಯ ಹೆಸರೆತ್ತಿದರೆ ಸಿಟ್ಟಾಗುತ್ತಿದ್ದರು. ಅವರದು ಮಿಕ್ಸರು, ಇಸ್ತ್ರಿಪೆಟ್ಟಿಗೆ, ಫ್ಯಾನು ರಿಪೇರಿ ಮಾಡುವ ಅಂಗಡಿ. ವಯಸ್ಸು ಅರವತ್ತೆರಡು. ನನ್ನ ಲಾರಿ ಮೊದಲ ಸಲ ಕೆಟ್ಟಾಗ ಯಾರೋ ಅವರ ಅಂಗಡಿ ತೋರಿಸಿದರು. ಅವರು ಅದನ್ನು ಬಿಚ್ಚಿ, ಸರಿಮಾಡಿ, ಓಡಿಸಿ ನೋಡಿ, ಮತ್ತೊಮ್ಮೆ ಓಡಿಸಿ ನೋಡಿ, ಮರುವಾರ ತಾವೂ ಒಂದು ಕೊಂಡರು. ಹೀಗೆ ಶುರುವಾದದ್ದು. ಹಿರೇಕೆರೂರಿನ ಬೀಜದಂಗಡಿಯವರೊಬ್ಬರು, ಶಿಗ್ಗಾಂವಿಯ ಇಬ್ಬರು ಮೇಷ್ಟ್ರು ಸೇರಿಕೊಂಡರು. ತಿಂಗಳಿಗೆರಡು ರವಿವಾರ ಶಿಗ್ಗಾಂವಿಯ ಹತ್ತಿರ ಹೆದ್ದಾರಿಗೆ ಹೊಂದಿಕೊಂಡ ಒಂದು ಬಯಲಿನಲ್ಲಿ ಕಲ್ಲು ಮಣ್ಣು ಒಟ್ಟಿ, ಪ್ಲಾಸ್ಟಿಕ್ ಹುರಿ ಕಟ್ಟಿ ದಾರಿ ಮಾಡಿ ಲಾರಿ ಓಡಿಸುತ್ತಿದ್ದೆವು. ದೂರದಿಂದ ನೋಡಿದವರು ನಾವು ಹೊಲ ಅಳೆಯುತ್ತಿದ್ದೇವೆ ಎಂದುಕೊಳ್ಳುತ್ತಿದ್ದರು. ನಾವೂ ಹಾಗೇ ಅಂದುಕೊಳ್ಳಲಿ ಎಂದು ಬಿಡುತ್ತಿದ್ದೆವು.

ಯಾರ ಗಾಡಿ ಕೆಟ್ಟರೂ ಚಾಚಾ ಅದನ್ನು ಕಿವಿಯ ಹತ್ತಿರ ಹಿಡಿದು ರಿಮೋಟು ಒತ್ತುತ್ತಿದ್ದರು. “ಕಣ್ಣೀಲೆ ನೋಡಬ್ಯಾಡ ಬೇಟಿ, ಕಿವೀಲೆ ನೋಡು. ಕೆಟ್ಟದ್ದು ತಾನಾಗೇ ಮಾತಾಡತೈತಿ” ಎನ್ನುತ್ತಿದ್ದರು. ಅವರು ಹೇಳಿದ್ದು ತಪ್ಪಿದ್ದನ್ನು ನಾನು ನೋಡಿರಲಿಲ್ಲ.

ಹೋದ ಬೇಸಿಗೆಯ ಕೊನೆಯಲ್ಲಿ ನನ್ನ ಲಾರಿ ಎಡಕ್ಕೆ ಎಳೆಯತೊಡಗಿತು. ಸವಣೂರಿಗೆ ಹೋಗಿ ಅವರ ಕೈಗೆ ಕೊಟ್ಟು ಬಂದೆ. ಯಾವಾಗಲೂ ಒಂದು ತಾಸಿನ ಕೆಲಸ. ಈ ಸಲ ಹತ್ತು ದಿನ ಇಟ್ಟುಕೊಂಡರು. ಕೊನೆಗೆ ಹೋಗಿ ಅಂಗಡಿಯ ಮುಂದೆಯೇ ಓಡಿಸಿ ನೋಡಿದೆ. ಗಾಡಿ ನೆಟ್ಟಗೆ ಗಟಾರದ ಕಡೆಗೆ ತಿರುಗಿತು.

“ಚಾಚಾ, ಇನ್ನೂ ಎಳಿಯಾಕತ್ತೇತ್ರಿ.”

“ರಸ್ತಾ ಸೊಟ್ಟ ಐತಿ.”

ತಿರುಗಿಸಿ ಆ ಕಡೆಯಿಂದ ಈ ಕಡೆಗೆ ಓಡಿಸಿದೆ. ಮತ್ತೆ ಎಡಕ್ಕೇ.

“ಹಂಗಾರ ನಿನ್ನ ಕೈ ಸೊಟ್ಟ ಐತಿ,” ಎಂದರು. ನಗುತ್ತ ಹೇಳಿದ ಮಾತಲ್ಲ ಅದು.

ಅಷ್ಟರಲ್ಲಿ ಚಹಾ ಬಂತು. ಚಾಚಾ ಬಸಿಗೆ ಸುರುವಿಕೊಂಡು ಎತ್ತಿದರು. ಬಸಿ ಕಪ್ಪಿಗೆ ತಾಗಿ ಕಟಕಟ ಸದ್ದಾಯಿತು. ಅರ್ಧ ಚಹಾ ಕೌಂಟರಿನ ಮೇಲೆ ಚೆಲ್ಲಿತು. ಅವರು ತಟ್ಟನೆ ಬಲಗೈಯನ್ನು ಕೆಳಗಿಳಿಸಿ, ಎಡಗೈಯಿಂದ ಅದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡರು. ದಿನಕ್ಕೆ ನಲವತ್ತು ಕೈಗಳನ್ನು ಹಿಡಿಯುವವಳು ನಾನು. ಆ ನಡುಕ ಬಿಸಿ ಚಹಾದ್ದಲ್ಲ ಎಂದು ತಿಳಿಯಲು ನನಗೆ ಎರಡನೆಯ ಸಲ ನೋಡಬೇಕಾಗಿರಲಿಲ್ಲ.

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು, ಅಥವಾ ಅವರೊಬ್ಬರೇ ಇರುವಾಗ ಕೇಳಬೇಕಿತ್ತು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. “ಚಾಚಾ, ಈ ಕೈ ಎಷ್ಟು ದಿನದಿಂದ ಹಿಂಗ? ನಡ್ರಿ, ಹುಬ್ಬಳ್ಳ್ಯಾಗ ನರದ ಡಾಕ್ಟರಿಗೆ ತೋರಸೋಣು. ನಾ ಬರ್ತೇನಿ,” ಎಂದುಬಿಟ್ಟೆ.

ಚಾಚಾರ ಮುಖ ಕಪ್ಪಿಟ್ಟಿತು. “ನೀ ರಕ್ತ ತಗಿಯಾಕಿ. ಡಾಕ್ಟರ್ ಯಾವಾಗ ಆದಿ?”

ಗಿರಾಕಿಗಳು ನಕ್ಕರು. ನಾನು ಲಾರಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಬಿದ್ದೆ. ದಾರಿಯುದ್ದಕ್ಕೂ ಅವರಿಗೆ ಕೊಡಬೇಕಾಗಿದ್ದ ಉತ್ತರಗಳು ಒಂದರ ಮೇಲೊಂದು ಹೊಳೆದವು. ಬಂಕಾಪುರ ದಾಟುವಾಗ ಹೊಳೆದದ್ದು ಬಹಳ ಚೆನ್ನಾಗಿತ್ತು. ಸ್ಕೂಟಿಯನ್ನು ತಿರುಗಿಸಿಕೊಂಡು ಹೋಗಿ ಹೇಳಿ ಬರಲೇ ಅನ್ನಿಸಿತು. ಮೂರು ವಾರ ಅವರೂ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ.

ಮಳೆಗಾಲ ಶುರುವಾಗಿ ವಾರವಾಗಿತ್ತು. ಆ ರವಿವಾರ ಬಯಲಿಗೆ ಹೋದೆ. ಚಾಚಾ ಬಂದಿದ್ದರು, ಆದರೆ ತಮ್ಮ ಲಾರಿ ತಂದಿರಲಿಲ್ಲ. ಯಾರೋ ಕೇಳಿದ್ದಕ್ಕೆ ಬ್ಯಾಟರಿ ಹೋಗಿದೆ ಎಂದರು. ಪಡುವಣದಲ್ಲಿ ಮೋಡ ಕಪ್ಪಾಗುತ್ತ ಬಂದು, ಎರಡು ಗಂಟೆಗೆಲ್ಲ ಉಳಿದವರು ಗಂಟು ಕಟ್ಟಿದರು. ನಾನು ಹೋಗಲಿಲ್ಲ. ಚಾಚಾ ಕೂಡ ತಮ್ಮ ಮೊಪೆಡ್ಡಿನ ಪಕ್ಕ ಬೇವಿನ ಗಿಡದ ಕೆಳಗೆ ಕೂತೇ ಇದ್ದರು. ಮೊದಲು ಯಾರು ಮಾತಾಡುತ್ತಾರೆ ಎಂದು ಇಬ್ಬರೂ ಕಾಯುತ್ತಿದ್ದೆವೋ ಏನೋ. ಅರವತ್ತೆರಡು, ನಲವತ್ನಾಲ್ಕು, ಎರಡೂ ಕೂಡಿದರೆ ನೂರಾ ಆರು ವರ್ಷದ ಮೊಂಡುತನ. ನಾನು ಅವರಿಗೆ ಕಾಣಲಿ ಎಂದೇ ರಿಮೋಟಿನ ಟ್ರಿಮ್ ಗುಂಡಿ ತಿರುಗಿಸುತ್ತ ಕೂತೆ.

ಆಗ ಒಬ್ಬ ಹೆಂಗಸು ಸೀರೆ ಎತ್ತಿ ಸಿಕ್ಕಿಸಿಕೊಂಡು ಹೆದ್ದಾರಿಯ ಕಡೆಯಿಂದ ಓಡಿ ಬಂದಳು. ಅವಳನ್ನು ಮೊದಲೂ ನೋಡಿದ್ದೆ. ಬಯಲಿನ ಅಂಚಿನಲ್ಲಿ ಆಡು ಮೇಯಿಸಿಕೊಂಡು, ನಮ್ಮ ಆಟ ನೋಡಿ ನಕ್ಕು ಹೋಗುತ್ತಿದ್ದವಳು. ಹೆಸರು ಹನುಮವ್ವ ಎಂದು ಆಮೇಲೆ ತಿಳಿಯಿತು.

“ಅಕ್ಕಾರ, ನಿಮ್ಮ ಈ ಗಾಡಿ ಪೈಪಿನ್ಯಾಗ ಹೋಗತೈತೇನ್ರಿ?”

“ಯಾವ ಪೈಪು?”

“ಬರ್ರಿ ಲಗೂ. ನನ್ನ ಮರಿ ಒಳಗ ಹೊಕ್ಕೈತ್ರಿ.”

ಓಡಿದೆ. ಈ ಕಡೆಯ ಹೊಲಗಳ ನೀರು ಆ ಕಡೆಯ ಹಳ್ಳಕ್ಕೆ ಹೋಗಲೆಂದು ಹೆದ್ದಾರಿಯ ಅಡಿಯಲ್ಲಿ ಒಂದು ಸಿಮೆಂಟಿನ ಪೈಪು ಹಾಕಿದ್ದಾರೆ. ಬಾಯಿ ಒಂದೂವರೆ ಅಡಿ. ಅದರಲ್ಲೂ ಒಂದಿಷ್ಟು ಹೂಳು. ಉದ್ದ ನೂರಡಿಗೆ ಕಡಿಮೆಯಿಲ್ಲ. ನಾಯಿಗಳು ಬೆನ್ನಟ್ಟಿದ್ದಕ್ಕೆ ಆಡಿನ ಮರಿ ಅದರೊಳಗೆ ನುಗ್ಗಿತ್ತು. ಬಗ್ಗಿ ಮೊಬೈಲಿನ ಬೆಳಕು ಬಿಟ್ಟೆ. ದೂರದಲ್ಲಿ, ನಡುಮಧ್ಯದಲ್ಲಿ, ಎರಡು ಹಸಿರು ಚುಕ್ಕೆಗಳು ಹೊಳೆದವು. ತಲೆಯ ಮೇಲೆ ಒಂದು ಟ್ಯಾಂಕರು ಹೋಯಿತು. ಪೈಪು ಗುಡುಗಿತು. ಒಳಗಿನಿಂದ ಮರಿ ಕಿರುಚಿತು.

“ಕರದ್ರ ಒದರತೈತಿ, ಬರವಲ್ದು,” ಎಂದಳು ಹನುಮವ್ವ. “ಮ್ಯಾಲ ಗಾಡಿ ಹಾದಂಗೆಲ್ಲ ಅಲ್ಲೇ ಮುದ್ದಿ ಆಗತೈತ್ರಿ. ಬಿದಿರು ಹಾಕಿ ನೋಡ್ದೆ, ಮುಟ್ಟಲಿಲ್ಲ. ಪಟಾಕಿ ಹೊಡಿ ಅಂತ ಒಬ್ಬ ಹೇಳಿ ಹ್ವಾದ. ಎದಿ ಒಡಕೊಂಡು ಸತ್ತಗಿತ್ತೀತು. ಹುಟ್ಟಿದ ದಿನಾನ ಇದರ ಅವ್ವ ಸತ್ತೈತ್ರಿ. ಬಾಟ್ಲಿ ಹಾಲು ಹಾಕಿ ಬದುಕಿಸೇನಿ.”

ಅವಳು ಪಡುವಣಕ್ಕೆ ಕೈ ತೋರಿಸಿದಳು. ಒಂದು ಹರದಾರಿ ಆಚೆ ಮಳೆ ಸುರಿಯುತ್ತಿರುವುದು ಪರದೆ ಇಳಿಬಿಟ್ಟಂತೆ ಕಾಣುತ್ತಿತ್ತು. ಆ ಹೊಲಗಳ ನೀರೆಲ್ಲ ಇದೇ ಪೈಪಿಗೆ ಬರಬೇಕು.

ಏನು ಮಾಡಬೇಕೆಂಬುದನ್ನು ಅವಳೇ ಹೇಳಿದಳು. ಈ ಕಡೆಯಿಂದ ಲಾರಿ ದೀಪ ಹಾಕಿಕೊಂಡು, ಗುರ್ರೆನ್ನುತ್ತ ಹೋದರೆ ಮರಿ ಹೆದರಿ ಆ ಕಡೆಗೆ ಸರಿಯುತ್ತದೆ. ಆ ಕಡೆಯ ಬಾಯಲ್ಲಿ ತಾನು ಕೂತು ಕರೆಯುತ್ತೇನೆ. ಇಂಜಿನಿಯರು ಹೇಳಿದ್ದರೂ ಇದಕ್ಕಿಂತ ಚೆನ್ನಾಗಿ ಹೇಳುತ್ತಿರಲಿಲ್ಲ. ಅವಳು ರಸ್ತೆ ದಾಟಿ ಆಚೆ ಇಳಿದಳು. ನಾನು ದಾರಿ ಗುರುತಿಗೆ ತಂದಿದ್ದ ಹುರಿಯ ಉಂಡೆಯನ್ನು ಬಿಚ್ಚಿ, ಒಂದು ತುದಿಯನ್ನು ಲಾರಿಯ ಹಿಂಬದಿಗೆ ಕಟ್ಟಿ, ದೀಪ ಹಾಕಿ ಒಳಗೆ ಬಿಟ್ಟೆ.

ಹದಿನೈದಡಿ ಚೆನ್ನಾಗಿ ಹೋಯಿತು. ಹೂಳು ಮುಗಿದು ಬರಿಯ ದುಂಡು ಪೈಪು ಬಂದೊಡನೆ ಎಡಕ್ಕೆ ಎಳೆಯಿತು. ನಾನು ಬಲಕ್ಕೆ ಒತ್ತಿದೆ. ಅದು ಕೇಳಲಿಲ್ಲ. ಗೋಡೆ ಏರಿತು, ಇನ್ನೂ ಏರಿತು, ಮಗುಚಿ ಬಿತ್ತು. ದೀಪ ಮೇಲ್ಛಾವಣಿಯನ್ನು ನೋಡುತ್ತ ಮಲಗಿತು. ಗಾಲಿಗಳು ಗಾಳಿಯಲ್ಲಿ ತಿರುಗುತ್ತಿದ್ದವು. ಹುರಿ ಹಿಡಿದು ಎಳೆದುಕೊಂಡೆ. ಟ್ರಿಮ್ ಗುಂಡಿಯನ್ನು ಕೊನೆಯವರೆಗೆ ಬಲಕ್ಕೆ ತಿರುಗಿಸಿ ಮತ್ತೆ ಬಿಟ್ಟೆ. ಈ ಸಲ ಬಲಗೋಡೆ ಏರಿ ಬಿತ್ತು. ಬಯಲಿನಲ್ಲಾದರೆ ಸೊಟ್ಟ ನಡೆದರೂ ನಡೆದೀತು. ದುಂಡು ಪೈಪಿನಲ್ಲಿ ಒಂದಂಗುಲ ತಪ್ಪಿದರೆ ಮುಗಿಯಿತು.  ಪೈಪಿನ ಆ ತುದಿಯಿಂದ ಹನುಮವ್ವನ ದನಿ ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ ಬಂತು: “ಏನಾತ್ರಿ ಅಕ್ಕಾರ?”

“ಗುಂಡಿ ಮುಟ್ಟಬ್ಯಾಡ.” ಇದು ನನ್ನ ಬೆನ್ನ ಹಿಂದಿನಿಂದ ಬಂದ ದನಿ. ಚಾಚಾ ನಿಂತಿದ್ದರು. “ರೋಗ ಅಲ್ಲಿಲ್ಲ. ಇಲ್ಲೆ ಕೊಡು.”

ಲಾರಿಯನ್ನು ಕಿವಿಗೆ ಹಿಡಿದರು. “ಒತ್ತು.” ಒತ್ತಿದೆ. “ಈಗ ಎಡಕ್ಕ. ಈಗ ಬಲಕ್ಕ.” ಮುಂದಿನ ಗಾಲಿಗಳನ್ನು ಬೆರಳಿನಿಂದ ಅದುಮಿ ಹಿಡಿದು, “ಮತ್ತ ಬಲಕ್ಕ” ಎಂದರು. ಒಳಗೆ ಸರ್ವೋ ತಿರುಗುವ ಸದ್ದು ಬಂತು, ಗಾಲಿ ಕದಲಲಿಲ್ಲ. ಕಿರ್ ಎಂದು ಏನೋ ಜಾರಿತು.

“ತೋಳಿನ ಹಲ್ಲು ಸವದಾವು. ಮೋಟಾರ ತಿರಗತೈತಿ, ತೋಳು ಜಾರತೈತಿ. ಅವತ್ತ…” ಎಂದು ಅರ್ಧಕ್ಕೇ ನಿಲ್ಲಿಸಿದರು. “ಅವತ್ತ ನಾ ಇದರ ಸ್ಕ್ರೂ ಪೂರಾ ಬಿಗಿದಿದ್ದಿಲ್ಲ.”

 ಅವರು ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಮಣ್ಣಿನಲ್ಲಿ ಕೂತರು. ಮುಚ್ಚಳದ ಮೊದಲ ಸ್ಕ್ರೂ ಬಂತು. ಎರಡನೆಯದರ ಮೇಲೆ ಸ್ಕ್ರೂಡ್ರೈವರಿನ ಮೂತಿ ನಿಲ್ಲಲಿಲ್ಲ. ಹಕ್ಕಿ ಕಾಳು ಕುಕ್ಕಿದಂತೆ ಆ ಕಡೆ ಈ ಕಡೆ ಕುಕ್ಕಿತು. ಅವರು ಹಲ್ಲು ಕಚ್ಚಿ, ಎಡಗೈಯಿಂದ ಬಲಗೈ ಹಿಡಿದು ಮತ್ತೆ ಇಟ್ಟರು. ಸ್ಕ್ರೂ ಬಂತು, ಬಂದದ್ದು ಬೆರಳಿನಿಂದ ಸಿಡಿದು ಹುಲ್ಲಿಗೆ ಬಿತ್ತು. ನಾನು ಬೆರಳಿಗೆ ಉಗುಳು ಹಚ್ಚಿಕೊಂಡು ನೆಲ ತಡವಿ ಹುಡುಕಿ ಕೊಟ್ಟೆ. ಮತ್ತೆ ಬಿತ್ತು.

ಮಳೆಯ ಮೊದಲ ಹನಿಗಳು ಬಂದವು. ಪೈಪಿನ ಬಾಯಿಯ ಮುಂದಿನ ಕಾಲುವೆಯಲ್ಲಿ ಬೆರಳು ಗಾತ್ರದ ಕೆಂಪು ನೀರು ತೆವಳಿ ಬರುತ್ತಿತ್ತು.

 ಚಾಚಾ ಸ್ಕ್ರೂಡ್ರೈವರನ್ನು ನನ್ನ ಕಡೆಗೆ ಚಾಚಿದರು. ಮುಖ ನೋಡಲಿಲ್ಲ.

“ಬೇಟಿ, ನನ್ನ ಕೈ ನನ್ನ ಮಾತು ಕೇಳವಲ್ದು. ನೀ ಮಾಡು.”

“ನನಗ ಬರಂಗಿಲ್ಲ ಚಾಚಾ. ನಾ ಎಂದೂ ಒಳಗ ಕೈ ಹಾಕಿಲ್ಲ.”

“ನರ ಹುಡುಕೂ ಕೈ ಐತಿ ನಿಂದು. ಇದು ಅದಕ್ಕಿಂತ ಸಣ್ಣದಲ್ಲ. ನಾ ಹೇಳ್ತೇನಿ, ನೀ ಮಾಡು.”

ಅವರು ಹೆಗಲ ಮೇಲಿನ ಟವೆಲ್ಲು ಬಿಚ್ಚಿ, ಎರಡೂ ಕೈಯಿಂದ ಹಿಡಿದು ಲಾರಿಯ ಮೇಲೆ ಚಪ್ಪರದಂತೆ ಚಾಚಿದರು. ಹನಿಗಳು ಟವೆಲ್ಲಿನ ಮೇಲೆ ಬೀಳುತ್ತಿದ್ದವು. ಟವೆಲ್ಲು ನಡುಗುತ್ತಿತ್ತು. ಅದರ ನೆರಳಿನಲ್ಲಿ ನಾನು ಮುಚ್ಚಳ ತೆಗೆದು, ತೋಳಿನ ಸ್ಕ್ರೂ ಬಿಚ್ಚಿದೆ.

“ತೋಳು ಎತ್ತು. ಜಗ್ಗಬ್ಯಾಡ, ಎತ್ತು. ಹಾಂ. ಈಗ ರಿಮೋಟಿನ ಗುಂಡಿ ನಟ್ಟನಡುವಕ್ಕ ತಾ. ಸ್ವಿಚ್ ಹಾಕು. ಜುಂಯ್ ಅಂತಲ್ಲ? ಮೋಟಾರ ತನ್ನ ನಡುವು ತಾನ ಹುಡಕೊಂತು. ಇನ್ನ ಅದನ್ನ ಅಲಗಸಬ್ಯಾಡ.”

ಸವೆದ ಹಲ್ಲಿಗೆ ಏನು ಮಾಡುವುದು? ಹೊಸ ತೋಳು ಹುಬ್ಬಳ್ಳಿಯಲ್ಲಿ. ಚಾಚಾ ಸುತ್ತ ಕಣ್ಣಾಡಿಸಿ, ಹೆದ್ದಾರಿಯ ಬದಿಗೆ ಬಿದ್ದಿದ್ದ ಒಂದು ಗುಟ್ಕಾ ಚೀಟಿಯನ್ನು ಗದ್ದದಿಂದ ತೋರಿಸಿದರು. ಅದರಿಂದ ಉಗುರಿನಷ್ಟು ಹರಿದು, ಒರೆಸಿ, ಸರ್ವೋದ ತಲೆಯ ಮೇಲೆ ಹಾಕಿ, ಅದರ ಮೇಲೆ ತೋಳನ್ನು ಒತ್ತಿದೆ. ಟೊಪ್ಪಿಗೆ ಬಿಗಿಯಾದಂತೆ ಬಿಗಿಯಾಯಿತು.

“ನೆಟ್ಟಗೈತೇನು?”

“ಐತ್ರಿ.”

“ಸ್ಕ್ರೂ ಹಾಕು. ಬಿಗಿ ಹತ್ತಿದಲ್ಲೆ ನಿಲ್ಲು. ಈಗ ಇನ್ನ ಅರ್ಧ ಸುತ್ತು. ಸಾಕು. ಹೆಚ್ಚು ಬಿಗದ್ರ ಸೀಳತೈತಿ.”

ಸಾವಿರಾರು ತೋಳುಗಳಿಗೆ ಸೂಜಿ ಚುಚ್ಚಿದ್ದೇನೆ. ಯಾವ ತೋಳೂ ನನ್ನನ್ನು ಹೀಗೆ ಬೆವರಿಸಿರಲಿಲ್ಲ. ನಾನು ಮುಚ್ಚಳ ಹಾಕುವಷ್ಟರಲ್ಲಿ ಕಾಲುವೆಯ ನೀರು ಪೈಪಿನ ಬಾಯಿ ಮುಟ್ಟಿತ್ತು.

ಲಾರಿ ಒಳಗೆ ಹೋಯಿತು. ಹೂಳು ದಾಟಿತು. ದುಂಡು ಪೈಪು ಬಂತು. ನಾನು ಹೊಟ್ಟೆಯ ಮೇಲೆ ಮಲಗಿ, ಗಲ್ಲ ಕೆಸರಿಗೆ ಹಚ್ಚಿ ನೋಡುತ್ತಿದ್ದೆ. ಹಿಂದಿನ ಕೆಂಪು ದೀಪ ಅಲುಗಾಡದೆ ಸಣ್ಣದಾಗುತ್ತ ಹೋಯಿತು. ಚಾಚಾ ಪಕ್ಕದಲ್ಲಿ ಮಂಡಿಯೂರಿ, ಸುತ್ತಿಕೊಂಡ ಹುರಿಯನ್ನು ಸಡಿಲು ಬಿಡುತ್ತಿದ್ದರು. “ಸಾವಕಾಶ. ಸಾವಕಾಶ,” ಎನ್ನುತ್ತಿದ್ದರು. ನನಗೆ ಹೇಳುತ್ತಿದ್ದರೋ ತಮ್ಮ ಕೈಗೋ ಗೊತ್ತಿಲ್ಲ.

ದೀಪದ ಬೆಳಕಿನಲ್ಲಿ ಮರಿ ಕಂಡಿತು. ಕರಿಯ ಮೈ, ಬಿಳಿಯ ಕಿವಿ. ಅದು ಓಡಲಿಲ್ಲ. ಲಾರಿಯನ್ನೇ ನೋಡುತ್ತ ನಿಂತಿತು. ನಾನು ಇನ್ನಷ್ಟು ಮುಂದೆ ಬಿಟ್ಟೆ. ಮರಿ ತಲೆ ತಗ್ಗಿಸಿ ಲಾರಿಗೆ ಒಂದು ಗುದ್ದು ಕೊಟ್ಟಿತು! ಲಾರಿ ಒಂದು ಮೊಳ ಹಿಂದೆ ಜಾರಿತು. ಮಗುಚಲಿಲ್ಲ. ಗಾಲಿಗಳು ನೆಟ್ಟಗೇ ಇದ್ದವು.

“ಹಾಯತೈತ್ರಿ ಚಾಚಾ!”

“ಹಾಯಲಿ. ಹಿಂದಕ ತಗೀಬ್ಯಾಡ. ಪೂರಾ ಒತ್ತು, ಸದ್ದು ಮಾಡು.”

ಒತ್ತಿದೆ. ಗಾಲಿಗಳು ನೀರಿನಲ್ಲಿ ತಿರುಗಿ ಭರ್ರೆಂದು ಸದ್ದಾಯಿತು. ನನ್ನ ಮೊಣಕೈ ಕೆಳಗಿನಿಂದ ತಣ್ಣನೆಯ ನೀರು ಒಳಗೆ ಹರಿಯುತ್ತಿತ್ತು. ಬೆರಳು ಗಾತ್ರದ್ದು ಈಗ ಅಂಗೈ ಅಗಲ. ಅದೇ ಹೊತ್ತಿಗೆ ಆ ತುದಿಯಿಂದ ಹನುಮವ್ವ ಕರೆದಳು. ಹೆಸರು ಹಿಡಿದು ಕರೆಯಲಿಲ್ಲ. ಬಾಟಲಿ ಹಾಲು ಕುಡಿಸುವಾಗ ಮಾಡುವ ಸದ್ದಿರಬೇಕು, ನಾಲಗೆಯನ್ನು ಅಂಗುಳಕ್ಕೆ ಹಚ್ಚಿ ಲೊಚ್ ಲೊಚ್ ಎಂದಳು. ಮರಿಯ ಕಿವಿ ತಿರುಗಿತು. ನೀರು ಅದರ ಕಾಲಿಗೆ ತಾಗಿತು. ಅದು ಒಮ್ಮೆ ನೆಗೆದು, ಹಿಂದುಮುಂದಾಗಿ ತಿರುಗಿ ನಡೆಯತೊಡಗಿತು. ನಾನು ಅದರ ಹಿಂದೆ, ಎರಡು ಮೊಳ ಬಿಟ್ಟು. ಅದು ನಿಂತರೆ ನಾನು ಭರ್ರೆನ್ನಿಸುತ್ತಿದ್ದೆ. ಅದು ನಡೆದರೆ ನಾನು ನಡೆಯುತ್ತಿದ್ದೆ. ಆ ತುದಿಯ ಬೆಳಕಿನಲ್ಲಿ ಮರಿ ಕರಿಯ ಗೊಂಬೆಯಾಗಿ, ಮತ್ತೂ ಸಣ್ಣದಾಗಿ, ಇಲ್ಲವಾಯಿತು.

“ಬಂತ್ರೀ! ಬಂತು!”

ಅದನ್ನು ಕೇಳಿದ ಚಾಚಾ ಕೆಸರಿನಲ್ಲಿ ಹಾಗೇ ಕೂತುಬಿಟ್ಟರು. ನಾನು ಲಾರಿಯನ್ನು ಹಿಂದಕ್ಕೆ ತರಲು ನೋಡಿದೆ. ಅಷ್ಟರಲ್ಲಿ ಮೇಲಿನ ಹೊಲಗಳ ನೀರು ಒಮ್ಮೆಲೇ ಬಂತು. ನನ್ನನ್ನೂ ಪಕ್ಕಕ್ಕೆ ಸರಿಸಿ ಪೈಪಿಗೆ ನುಗ್ಗಿತು. ಕೆಂಪು ದೀಪ ಎರಡು ಸಲ ಮಿನುಗಿ ಆರಿತು. ಹುರಿ ಎಳೆದುಕೊಂಡಾಗ ಬಂದದ್ದು ಕೆಸರು ತುಂಬಿದ ಒಂದು ಡಬ್ಬಿ. ಅದರ ಸರ್ವೋ, ಮೋಟಾರು, ಬ್ಯಾಟರಿ ಯಾವುದೂ ಮತ್ತೆ ಏಳಲಿಲ್ಲ.

ಹನುಮವ್ವ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ರಸ್ತೆ ದಾಟಿ ಬಂದಳು. ಅಳುತ್ತಿದ್ದಳು, ಬೈಯುತ್ತಿದ್ದಳು. “ಸುಡಗಾಡ ಮರಿ, ನಿನ್ನ ಕರಕೊಂಡ ಬರಾಕ ಲಾರಿ ಬೇಕಾತೇನs? ಮುಂದಿನ ಸರ್ತಿ ಇಮಾನ ಕೇಳ್ತಿ!” ಆಮೇಲೆ ಚಾಚಾರ ಕಡೆ ತಿರುಗಿ, “ಅಜ್ಜಾರ, ನೀವು ಚಳಿಗೆ ನಡಗಾಕತ್ತೀರಿ. ಮೊದಲ ಬಸ್ ಸ್ಟ್ಯಾಂಡಿನ ಒಳಗ ನಡ್ರಿ,” ಎಂದಳು.

ಚಾಚಾ ಅವಳ ಮುಖ ನೋಡಿದರು. “ಚಳಿಗಲ್ಲವಾ. ನನ್ನ ಕೈಯ ಹಿಂಗೈತಿ. ಎಂಟು ತಿಂಗಳಾತು,” ಎಂದರು.

ನನಗೆ ಎಂಟು ತಿಂಗಳು ಹೇಳದೆ ಇದ್ದದ್ದನ್ನು, ಹೆಸರೂ ಗೊತ್ತಿಲ್ಲದ ಹೆಂಗಸಿಗೆ ಮಳೆಯಲ್ಲಿ ನಿಂತು ಅಷ್ಟು ಸಲೀಸಾಗಿ ಹೇಳಿದರು. ಅವಳು ಹಾಂ ಎಂದು ತಲೆಯಾಡಿಸಿದಳು. ಅಯ್ಯೋ ಅನ್ನಲಿಲ್ಲ, ಡಾಕ್ಟರು ಅನ್ನಲಿಲ್ಲ. ಮರಿಯನ್ನು ಅವರ ಎರಡೂ ಕೈಗೆ ಕೊಟ್ಟು, “ಹಿಡೀರಿ ಹಂಗಾರ, ಬೆಚ್ಚಗಿರತೈತಿ. ನಾ ಬಾಟ್ಲಿ ತರ್ತೇನಿ,” ಎಂದು ತನ್ನ ಚೀಲದ ಕಡೆಗೆ ನಡೆದಳು. ಮರಿ ಅವರ ಕೈಯಲ್ಲಿ ನಡುಗುತ್ತಿತ್ತು. ಅವರ ಕೈಯೂ ನಡುಗುತ್ತಿತ್ತು. ಯಾವುದರ ನಡುಕ ಯಾವುದು ಎಂದು ಯಾರೂ ಹೇಳುವಂತಿರಲಿಲ್ಲ.

ಹೆದ್ದಾರಿ ಬದಿಯ ಬಸ್ ನಿಲ್ದಾಣದ ತಗಡಿನ ಕೆಳಗೆ ನಿಂತಾಗ ಚಾಚಾ ಕೇಳಿದರು:

“ಹುಬ್ಬಳ್ಳಿ ಡಾಕ್ಟರ್ ಯಾವ ದಿನಾ ಇರತಾರ?”

“ಮಂಗಳವಾರ.”

“ಅವತ್ತ ಅಂಗಡ್ಯಾಗ ನಾ ಹಂಗ ಅನಬಾರದಿತ್ತು.”

“ನಾನೂ ಎಲ್ಲಾರ ಮುಂದ ಕೇಳಬಾರದಿತ್ತು ಚಾಚಾ.”

“ಹೌದು, ಕೇಳಬಾರದಿತ್ತು,” ಎಂದು ತಟ್ಟನೆ ಒಪ್ಪಿಕೊಂಡರು. “ಇಲ್ಲ ಬಿಡು” ಅನ್ನುತ್ತಾರೆಂದು ನಾನು ಅಂದುಕೊಂಡಿದ್ದೆ.

ಮಂಗಳವಾರ ಹೋದೆವು. ಡಾಕ್ಟರು ಅವರನ್ನು ನಡೆಸಿದರು, ಬೆರಳು ಆಡಿಸಲು ಹೇಳಿದರು, ಬಿಳಿಯ ಹಾಳೆಯ ಮೇಲೆ ಶಂಖದ ಸುರುಳಿಯಂತೆ ಗೆರೆ ಬರೆಸಿದರು. ಗೆರೆ ಉದ್ದಕ್ಕೂ ಗರಗಸದ ಹಲ್ಲು. ಕಂಪವಾತ ಎಂದರು. ಹೋಗುವ ರೋಗವಲ್ಲ, ಆದರೆ ಗುಳಿಗೆಯಿಂದ, ವ್ಯಾಯಾಮದಿಂದ ಬಹಳ ಕಾಲ ಹದ್ದುಬಸ್ತಿನಲ್ಲಿ ಇಡಬಹುದು, ಇನ್ನೂ ತಡಮಾಡಿ ಬಂದಿದ್ದರೆ ಕಷ್ಟವಿತ್ತು ಎಂದರು. ಚಾಚಾ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದರು: “ಸ್ಕ್ರೂ ಹಿಡಿಯಾಕ ಬರತೈತೇನ್ರಿ?” ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ದೊಡ್ಡದು ಹಿಡಿಯಬಹುದು, ಸಣ್ಣದರ ಮಾತು ಹೇಳಲಾರೆ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಚಾಚಾ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದರು. ನಾನು ಶಿಗ್ಗಾಂವಿಯವರೆಗೆ ಒಂದು ಮಾತೂ ಆಡಲಿಲ್ಲ. ಅಷ್ಟು ಕಲಿತಿದ್ದೆ.

ಈಗ ಚಾಚಾರ ಕೈ ಮೊದಲಿನಷ್ಟು ನಡುಗುವುದಿಲ್ಲ. ಚಹಾ ಚೆಲ್ಲುವುದಿಲ್ಲ, ಆದರೆ ಸಣ್ಣ ಸ್ಕ್ರೂ ಇನ್ನೂ ಜಾರುತ್ತದೆ. ಆಟಿಕೆ ಲಾರಿಗಳು ಅವರ ಅಂಗಡಿಗೆ ಬಂದೇ ಬರುತ್ತವೆ. ರವಿವಾರ ನಾನು ಹೋಗುತ್ತೇನೆ, ಅವರು ಹೇಳುತ್ತಾರೆ, ನಾನು ಬಿಚ್ಚುತ್ತೇನೆ. ಶುರುವಿನಲ್ಲಿ ಇದನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ, ಪರದೆ ಎಳೆದು ಮಾಡುತ್ತಿದ್ದೆವು. ಗಿರಾಕಿ ಬಂದರೆ ಅವರು ಸ್ಕ್ರೂಡ್ರೈವರ್ ಹಿಡಿದುಕೊಂಡು ಹೊರಗೆ ಹೋಗಿ, ತಾವೇ ಮಾಡುತ್ತಿದ್ದವರಂತೆ ಮಾತಾಡಿಸಿ ಬರುತ್ತಿದ್ದರು.

ಕಳೆದ ತಿಂಗಳು ಒಂದು ರವಿವಾರ ನಾನು ಹೋದಾಗ ಪರದೆಯನ್ನು ಸರಿಸಿ ಎತ್ತಿ ಕಟ್ಟಿದ್ದರು. ಚಾಚಾ ಕೌಂಟರಿನ ಹಿಂದಿನ ತಮ್ಮ ಸ್ಟೂಲಿನಿಂದ ಎದ್ದು, “ಕುಂದ್ರು” ಎಂದರು. ಮೂವತ್ತು ವರ್ಷದಿಂದ ಆ ಸ್ಟೂಲಿನ ಮೇಲೆ ಬೇರೆ ಯಾರೂ ಕೂತಿದ್ದಿಲ್ಲ. ನಾನು ಹಿಂದೆಮುಂದೆ ನೋಡುತ್ತಿರುವಾಗಲೇ ಒಬ್ಬ ರೈತ ಟೇಬಲ್ ಫ್ಯಾನು ತಂದು ಕೌಂಟರಿನ ಮೇಲಿಟ್ಟ. “ಚಾಚಾ, ನೀವ ನಿಂತು ಮಾಡ್ರಿ ಮತ್ತ,” ಎಂದ.

ಚಾಚಾ ಬಲಗೈಯನ್ನು ಎತ್ತಿ ಫ್ಯಾನಿನ ಪಕ್ಕದಲ್ಲಿ, ಅಂಗೈ ಮೇಲಾಗಿ, ಅವನಿಗೆ ಕಾಣುವ ಹಾಗೆ ಇಟ್ಟರು. ಬೆರಳುಗಳು ಸಣ್ಣಗೆ ಅಲುಗುತ್ತಿದ್ದವು. “ನೋಡಪಾ, ಇದು ಇನ್ನ ಸಣ್ಣ ಕೆಲಸ ಮಾಡಂಗಿಲ್ಲ. ಕೈ ಅಕೀದು, ಮಾತು ನಂದು. ಒಪ್ಪಿದ್ರ ಇಟ್ಟು ಹೋಗು.”

ರೈತ ಆ ಕೈಯನ್ನು ನೋಡಿದ. ನನ್ನನ್ನು ನೋಡಿದ. ಆಮೇಲೆ ಫ್ಯಾನನ್ನು ಚಾಚಾರ ಮುಂದಿನಿಂದ ಎತ್ತಿ, ನನ್ನ ಮುಂದೆ ಇಟ್ಟ.